ಲಿಯೇಜ್‌ನ ಆ ಬಾಗಿಲು, ಮೆಗ್ರೆಯ ಸೂಟ್‌ಕೇಸ್

ಪತ್ತೇದಾರಿ ಕಾದಂಬರಿ ಅಂದರೆ ನಮಗೆಲ್ಲ ಒಂದು ಲೆಕ್ಕಾಚಾರ ಇರುತ್ತೆ. ಮೊದಲು ಒಂದು ಹೆಣ ಬೀಳುತ್ತೆ, ಆಮೇಲೆ ಪತ್ತೇದಾರ ಬರ್ತಾನೆ, ಕೊನೆಗೆ ಅಪರಾಧಿ ಸಿಕ್ಕಿಬೀಳ್ತಾನೆ. ಜಾರ್ಜ್ ಸಿಮೆನಾನ್ ಫ್ರೆಂಚ್‌ನಲ್ಲಿ ಬರೆದ ‘ಸೇಂಟ್ ಫೋಲಿಯನ್‌ನಲ್ಲಿ ನೇಣಾದವನು’ ಅನ್ನೋ ಕಾದಂಬರಿಯಲ್ಲಿ ಈ ಲೆಕ್ಕ ಮೊದಲ ಅಧ್ಯಾಯದಲ್ಲೇ ತಲೆಕೆಳಗಾಗುತ್ತೆ. ಇಲ್ಲಿ ಮೊದಲು ಬರುವವನೇ ಪತ್ತೇದಾರ. ಹೆಣ ಬೀಳೋದು ಅವನು ಮಾಡಿದ ಒಂದು ಕೆಲಸದಿಂದ.

ಪ್ಯಾರಿಸ್‌ನ ಪೊಲೀಸ್ ಅಧಿಕಾರಿ ಮೆಗ್ರೆ ಕೆಲಸದ ಮೇಲೆ ಬ್ರಸೆಲ್ಸ್‌ಗೆ ಬಂದಿದ್ದಾನೆ. ಅಲ್ಲೊಂದು ಕೆಫೆಯಲ್ಲಿ ಮಾಸಿದ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯ ಸಾವಿರ ಫ್ರಾಂಕಿನ ನೋಟುಗಳನ್ನು ಎಣಿಸಿ, ಕಾಗದದಲ್ಲಿ ಸುತ್ತಿ, ಬುಕ್ ಪೋಸ್ಟ್ ತರಹ ಪ್ಯಾರಿಸ್‌ನ ವಿಳಾಸವೊಂದಕ್ಕೆ ಅಂಚೆಗೆ ಹಾಕ್ತಾನೆ. ಇಷ್ಟೊಂದು ದುಡ್ಡು, ಇಂಥ ಬಟ್ಟೆ, ಅದೂ ರಿಜಿಸ್ಟರ್ ಕೂಡ ಮಾಡದ ಪೋಸ್ಟು! ಮೆಗ್ರೆ ಸುಮ್ಮನೆ ಹಿಂಬಾಲಿಸ್ತಾನೆ. ಆತ ಒಂದು ಅಗ್ಗದ ಸೂಟ್‌ಕೇಸ್ ಕೊಂಡರೆ ಮೆಗ್ರೆಯೂ ಅಂಥದ್ದೇ ಇನ್ನೊಂದು ಕೊಳ್ತಾನೆ, ಒಳಗೆ ಹಳೇ ನ್ಯೂಸ್‌ಪೇಪರ್ ತುರುಕ್ತಾನೆ. ಹಾಲೆಂಡ್–ಜರ್ಮನಿ ಗಡಿಯ ಒಂದು ಸಣ್ಣ ಸ್ಟೇಷನ್‌ನಲ್ಲಿ ಎರಡೂ ಸೂಟ್‌ಕೇಸ್ ಅದಲುಬದಲು ಮಾಡ್ತಾನೆ. ಆತ ಬ್ರೆಮೆನ್‌ನ ಹೋಟೆಲ್ ರೂಮಿಗೆ ಹೋಗಿ ಸೂಟ್‌ಕೇಸ್ ತೆಗೀತಾನೆ. ಬರೀ ಹಳೇ ಪೇಪರ್. ಪಕ್ಕದ ರೂಮಿನ ಬಾಗಿಲ ಕಿಂಡಿಯಿಂದ ಮೆಗ್ರೆ ನೋಡ್ತಾ ಇರುವಾಗಲೇ ಆ ಮನುಷ್ಯ ತನ್ನ ಪ್ರಾಣ ತಾನೇ ತೆಗೆದುಕೊಳ್ತಾನೆ.

ನಿಜವಾದ ಸೂಟ್‌ಕೇಸ್‌ನಲ್ಲಿ ಇದ್ದದ್ದು ಏನು ಗೊತ್ತಾ? ಚಿನ್ನ ಅಲ್ಲ, ದಾಖಲೆಪತ್ರ ಅಲ್ಲ. ರಕ್ತದ ಕಲೆ ಇರುವ ಒಂದು ಹಳೇ ಸೂಟು. ಅದೂ ಆತನ ಅಳತೆಯದ್ದಲ್ಲ.

ಅಲ್ಲಿಂದ ಮೆಗ್ರೆಯ ಪತ್ತೇದಾರಿಕೆ ಶುರುವಾಗುತ್ತೆ. ಕೊಲೆಗಾರನನ್ನು ಹಿಡಿಯೋ ಹಟಕ್ಕಿಂತ ಹೆಚ್ಚಾಗಿ, ‘ನಾನು ಯಾಕೆ ಒಬ್ಬನ ಸಾವಿಗೆ ಕಾರಣನಾದೆ’ ಅನ್ನೋ ಸಂಕಟ ಅವನನ್ನು ಓಡಿಸುತ್ತೆ. ಬ್ರೆಮೆನ್, ಪ್ಯಾರಿಸ್, ರೀಮ್ಸ್ ಎಲ್ಲ ಸುತ್ತಿಸಿ ಕಥೆ ಕೊನೆಗೆ ಬಂದು ನಿಲ್ಲೋದು ಬೆಲ್ಜಿಯಂನ ಲಿಯೇಜ್ ಊರಿನ ಒಂದು ಚರ್ಚ್ ಬಾಗಿಲಿಗೆ. ಆ ಬಾಗಿಲು ಕಾದಂಬರಿಗಾಗಿ ಹುಟ್ಟಿಕೊಂಡದ್ದಲ್ಲ. ನಿಜಕ್ಕೂ ಇದೆ. ಅಲ್ಲಿ ನಡೆದ ಸಾವು ಕೂಡ ನಿಜ.

ನಾನು ಕೆಲಸ ಮಾಡೋ ಬ್ರಸೆಲ್ಸ್‌ನಿಂದ ಲಿಯೇಜ್‌ಗೆ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಫೆಬ್ರವರಿಯಲ್ಲಿ ತಮ್ಮ ಬೆಂಗಳೂರಿನಿಂದ ಬಂದಿದ್ದ. ಲಾ ಮುಗಿಸಿ ಸೀನಿಯರ್ ಒಬ್ಬರ ಕೈಕೆಳಗೆ ಜೂನಿಯರ್ ಆಗಿದ್ದಾನೆ. ವಿಮಾನದಲ್ಲಿ ಓದೋಕೆ ಅಂತ ಇದೇ ಕಾದಂಬರಿಯ ಇಂಗ್ಲಿಷ್ ಅನುವಾದದ ಲಿಂಕ್ ಕಳಿಸಿದ್ದೆ. ಓದಿಕೊಂಡೇ ಬಂದ. ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು.

ಮೆಗ್ರೆ ಅಂದರೆ ಯಾರು?

ಊರು ಸುತ್ತೋ ಮೊದಲು ಎರಡು ಮಾತು. ಷರ್ಲಾಕ್ ಹೋಮ್ಸ್ ಗೊತ್ತಿರೋ ನಮ್ಮಲ್ಲಿ ಮೆಗ್ರೆ ಅಷ್ಟಾಗಿ ಗೊತ್ತಿಲ್ಲ. ಭಾರೀ ಮೈಕಟ್ಟು, ದಪ್ಪ ಓವರ್‌ಕೋಟು, ಬಾಯಲ್ಲಿ ಪೈಪು. ಭೂತಗನ್ನಡಿ ಹಿಡಿದು ಬೂದಿ ಹುಡುಕೋ ಜಾಣ ಅಲ್ಲ. ಪ್ಯಾರಿಸ್‌ನ ಸೇನ್ ನದಿ ದಂಡೆಯಲ್ಲಿರೋ ಪೊಲೀಸ್ ಕಚೇರಿಯಲ್ಲಿ ಸಂಬಳಕ್ಕೆ ದುಡಿಯೋ ಸರ್ಕಾರಿ ನೌಕರ. ಮನೆಯಲ್ಲಿ ರುಚಿಯಾಗಿ ಅಡುಗೆ ಮಾಡೋ ಹೆಂಡತಿ, ಮಕ್ಕಳಿಲ್ಲ. ಅಪರಾಧ ನಡೆದ ಜಾಗಕ್ಕೆ ಹೋದರೆ ಅಲ್ಲೇ ಕೂತು ಬಿಯರ್ ಕುಡೀತಾ, ಆ ಬೀದಿಯ ವಾಸನೆ ಹಿಡಿದು, ಅಲ್ಲಿನ ಜನ ಹೇಗೆ ಬದುಕ್ತಾರೆ ಅಂತ ಅರ್ಥ ಮಾಡಿಕೊಳ್ಳೋದೇ ಅವನ ವಿಧಾನ. ಯಾರು ಮಾಡಿದರು ಅನ್ನೋದಕ್ಕಿಂತ ಯಾಕೆ ಮಾಡಿದರು ಅನ್ನೋದು ಅವನಿಗೆ ಮುಖ್ಯ.

1931ರಿಂದ 1972ರವರೆಗೆ ಸಿಮೆನಾನ್ 75 ಮೆಗ್ರೆ ಕಾದಂಬರಿ, 28 ಸಣ್ಣ ಕಥೆ ಬರೆದ. 1931ರ ಫೆಬ್ರವರಿ 20ರ ರಾತ್ರಿ ಪ್ಯಾರಿಸ್‌ನ ಒಂದು ನೈಟ್ ಕ್ಲಬ್‌ನಲ್ಲಿ ಪಾರ್ಟಿ ಮಾಡಿ ಸರಣಿಗೆ ಚಾಲನೆ ಕೊಟ್ಟರು. ಬಂದ ಅತಿಥಿಗಳ ಬೆರಳಚ್ಚು ತೆಗೆದುಕೊಂಡು ಒಳಗೆ ಬಿಡುತ್ತಿದ್ದರಂತೆ! ಇವತ್ತಿನ ಸಿನಿಮಾ ಪ್ರಮೋಷನ್‌ನವರೂ ನಾಚಬೇಕು. ಆ ರಾತ್ರಿ ಬಿಡುಗಡೆಯಾದ ಮೊದಲ ಎರಡು ಪುಸ್ತಕಗಳಲ್ಲಿ ನಮ್ಮ ‘ಸೇಂಟ್ ಫೋಲಿಯನ್’ ಒಂದು. ಆಗ ಸಿಮೆನಾನ್‌ಗೆ 28 ವರ್ಷ. ನಾಲ್ಕು ದಶಕ ಓಡಲಿದ್ದ ಸರಣಿಯ ಬಾಗಿಲಲ್ಲೇ ಅವನು ತನ್ನ ಹುಟ್ಟೂರಿನ ಒಂದು ಹಳೇ ಸಾವನ್ನು ಇಟ್ಟ ಅನ್ನೋದು ನನಗೆ ಕುತೂಹಲ ಹುಟ್ಟಿಸಿದ ವಿಷಯ.

ಗೋಡೆಯೇ ಇಲ್ಲದ ಸ್ಟೇಷನ್

ಲಿಯೇಜ್‌ನ ಗಿಯ್‌ಮ್ಯಾಂ ಸ್ಟೇಷನ್‌ನಲ್ಲಿ ಇಳಿದ ಕೂಡಲೇ ತಮ್ಮ ಫೋನ್ ತೆಗೆದ. ಎಲ್ಲರೂ ತೆಗೀತಾರೆ. ಸ್ಪೇನ್‌ನ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ವಿನ್ಯಾಸ ಮಾಡಿದ, 2009ರಲ್ಲಿ ಉದ್ಘಾಟನೆಯಾದ ಈ ಸ್ಟೇಷನ್‌ಗೆ ಮುಂಭಾಗದ ಗೋಡೆಯೇ ಇಲ್ಲ. ಬಿಳಿ ಉಕ್ಕು, ಗಾಜು, ತಲೆ ಮೇಲೆ ಅಲೆಯಂತೆ ಬಾಗಿದ ಚಾವಣಿ. ಮೆಗ್ರೆ ಓಡಾಡಿದ ಹೊಗೆ, ಮಳೆ, ಗ್ಯಾಸ್ ದೀಪದ ಲಿಯೇಜ್ ಇದೇನಾ ಅಂತ ಅನುಮಾನ ಬರುತ್ತೆ.

ಹೊರಗೆ ಬಂದರೆ ಉತ್ತರ ಸಿಗುತ್ತೆ. ಇದು ಕಲ್ಲಿದ್ದಲು, ಉಕ್ಕಿನ ಊರು. 1817ರಲ್ಲಿ ಜಾನ್ ಕಾಕರಿಲ್ ಅನ್ನೋ ಉದ್ಯಮಿ ಪಕ್ಕದ ಸೆರಾಂಗ್‌ನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಇಡೀ ಕಣಿವೆ ಕುಲುಮೆಗಳಿಂದ ತುಂಬಿತು. ಈಗ ಗಣಿಗಳಿಲ್ಲ, ಕುಲುಮೆಗಳು ಆರಿವೆ. ಮಸಿ ಹಿಡಿದ ಇಟ್ಟಿಗೆ ಮನೆಗಳು, ಕೆಲವು ಖಾಲಿ ಅಂಗಡಿಗಳು, ಅವುಗಳ ನಡುವೆ 2025ರಲ್ಲಿ ಶುರುವಾದ ಹೊಸ ಟ್ರಾಮ್ ಸದ್ದಿಲ್ಲದೆ ಓಡುತ್ತೆ. ಬ್ರೂಜ್ ತರಹ ಪೋಸ್ಟ್‌ಕಾರ್ಡ್ ಊರಲ್ಲ ಇದು. ದುಡಿದು ಸುಸ್ತಾದ ಊರು. ಜನ ಮಾತ್ರ ಜೋರು. ಬೆಳಿಗ್ಗೆಯೇ ಕೆಫೆಯಲ್ಲಿ ನಗು, ಗಲಾಟೆ.

ಟ್ರಾಮ್ ಹಿಡಿದು ಊರ ನಡುವಿನ ಸೇಂಟ್ ಲ್ಯಾಂಬರ್ಟ್ ಚೌಕಕ್ಕೆ ಹೋದೆವು. ಚೌಕ ಅಂದರೆ ದೊಡ್ಡ ಖಾಲಿ ಜಾಗ. ಇಲ್ಲಿ ಒಂದು ಭಾರೀ ಕೆಥೆಡ್ರಲ್ ಇತ್ತು. 1789ರ ಕ್ರಾಂತಿಯಲ್ಲಿ ಊರನ್ನು ಆಳುತ್ತಿದ್ದ ಬಿಷಪ್‌ಗಳ ಮೇಲೆ ತಿರುಗಿಬಿದ್ದ ಜನ, ಆಮೇಲೆ ಅವರ ಕೆಥೆಡ್ರಲ್ಲನ್ನೂ ಕೆಡವಿ ಹಾಕಿದರು. ಬಿಷಪ್ಪರ ಅರಮನೆ ಮಾತ್ರ ಉಳಿದಿದೆ. ಅದರಲ್ಲಿ ಈಗ ಕೋರ್ಟ್ ನಡೆಯುತ್ತೆ. ನಮ್ಮ ವಕೀಲ ಸಾಹೇಬರಿಗೆ ಅದರ ಮುಂದೆ ನಿಂತು ಒಂದು ಫೋಟೊ ಆಗಲೇಬೇಕಾಯ್ತು.

ಓರ್ ಶಾತೋ ಬೀದಿ

ಚೌಕದಿಂದ ಸ್ವಲ್ಪ ದೂರ ನಡೆದರೆ ಓರ್ ಶಾತೋ ಅನ್ನೋ ಹಳೇ ಬೀದಿ. ಕಾದಂಬರಿಯಲ್ಲಿ ಜೆಫ್ ಲೊಂಬಾರ್ ಅನ್ನೋ ಪಾತ್ರದ ಮನೆ, ಕಾರ್ಯಾಗಾರ ಇರೋದು ಇದೇ ಬೀದಿಯಲ್ಲಿ. ಪತ್ರಿಕೆ, ಪುಸ್ತಕಗಳಿಗೆ ಚಿತ್ರದ ಬ್ಲಾಕ್ ಮಾಡೋ ಕಸುಬು ಅವನದ್ದು. ಮೆಗ್ರೆ ಅವನನ್ನು ಹುಡುಕಿಕೊಂಡು ಬಂದಾಗ ಮಹಡಿ ಮೇಲೆ ಆಗತಾನೇ ಮಗು ಹುಟ್ಟಿದೆ. ಕೆಳಗೆ ಕಾರ್ಯಾಗಾರದಲ್ಲಿ ಹಳೇ ರೇಖಾಚಿತ್ರಗಳು, ಎಲ್ಲದರಲ್ಲೂ ಒಂದೇ ವಿಷಯ: ನೇಣು ಹಾಕಿಕೊಂಡ ಮನುಷ್ಯ. ಮೇಲೆ ಬಾಣಂತಿ ಮನೆಯ ಸಂಭ್ರಮ, ಕೆಳಗೆ ಹತ್ತು ವರ್ಷದ ಹಿಂದಿನ ಸಾವು. ಈ ಎರಡರ ನಡುವೆ ಮೆಟ್ಟಿಲ ಹತ್ತಿರ ನಿಂತ ಮೆಗ್ರೆ. ಇಡೀ ಕಾದಂಬರಿ ಇರೋದೇ ಈ ಒಂದು ದೃಶ್ಯದಲ್ಲಿ ಅಂತ ನನಗನ್ನಿಸುತ್ತೆ.

ಬೀದಿ ಈಗಲೂ ಹಾಗೇ ಇದೆ. ಮನೆಗಳ ಸಾಲಿನ ಮಧ್ಯೆ ಅಲ್ಲಲ್ಲಿ ಒಬ್ಬರು ಮಾತ್ರ ಹೋಗಬಹುದಾದ ಕಮಾನಿನ ಬಾಗಿಲು. ಒಳಗೆ ಇಣುಕಿದರೆ ಒಂದು ಓಣಿ, ಎರಡೂ ಕಡೆ ಪುಟ್ಟ ಮನೆ, ಹೂಕುಂಡ. ಹಿಂದೆ ಬಡ ಕೆಲಸಗಾರರು ಇದ್ದ ವಠಾರಗಳಿವು. ಈಗ ಚೆನ್ನಾಗಿ ಬಣ್ಣ ಬಳಿದು ಇಟ್ಟುಕೊಂಡಿದ್ದಾರೆ. ಜನ ವಾಸ ಇರೋ ಜಾಗ, ಹೋದರೆ ಮೆತ್ತಗೆ ಮಾತಾಡಿ.

ಇದೇ ಬೀದಿಯ ಪಕ್ಕದಲ್ಲಿ ಬ್ಯೂರೆನ್ ಮೆಟ್ಟಿಲು ಶುರುವಾಗುತ್ತೆ. ಗುಡ್ಡದ ತುದಿಗೆ ನೇರವಾಗಿ 374 ಮೆಟ್ಟಿಲು, 1881ರಲ್ಲಿ ಕಟ್ಟಿದ್ದು. “ಚಾಮುಂಡಿ ಬೆಟ್ಟದ ಮುಂದೆ ಇದೇನು ಮಹಾ” ಅಂತ ತಮ್ಮ ಹೊರಟ. ಇನ್ನೂರು ದಾಟೋ ಹೊತ್ತಿಗೆ ಮಾತು ನಿಂತಿತ್ತು. ಮೇಲಿನಿಂದ ನೋಡಿದರೆ ಊರಿನ ನಕ್ಷೆ ಅರ್ಥವಾಗುತ್ತೆ. ಕೆಳಗೆ ಬೂದು ಬಣ್ಣದ ಮ್ಯೂಸ್ ನದಿ, ಅದರಾಚೆ ಒಂದು ದ್ವೀಪದಂಥ ಬಡಾವಣೆ, ಅದರ ಅಂಚಿನಲ್ಲೇ ಒಂದು ಚೂಪು ಗೋಪುರ. “ಅದೇನಾ?” ಅಂದ. ಅದೇ.

ಸೇತುವೆ ದಾಟಿದರೆ

ಕೆಳಗಿಳಿದು ಪುರಭವನದ ಹತ್ತಿರ ಬಂದರೆ ಒಂದು ಪುಟ್ಟ ಜಾಗಕ್ಕೆ ‘ಕಮಿಷನರ್ ಮೆಗ್ರೆ ಚೌಕ’ ಅಂತಲೇ ಹೆಸರು. ಅಲ್ಲಿ ಒಂದು ಬೆಂಚಿನ ಮೇಲೆ ಕಂಚಿನ ಸಿಮೆನಾನ್ ಕೂತಿದ್ದಾನೆ. ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ, ಸೆಲ್ಫಿಗೆ ಅನುಕೂಲ.

ಅಲ್ಲಿಂದ ಹೆಜ್ಜೆ ದೂರದಲ್ಲಿ ಲಿಯೋಪೋಲ್ಡ್ ಬೀದಿ. ಈ ಬೀದಿಯ ಮನೆಯೊಂದರಲ್ಲಿ 1903ರ ಫೆಬ್ರವರಿ 12 ಮತ್ತು 13ರ ನಡುವಿನ ರಾತ್ರಿ ಸಿಮೆನಾನ್ ಹುಟ್ಟಿದ. 13 ಶುಕ್ರವಾರ. ಯುರೋಪಿನವರಿಗೆ ಅದು ನಮ್ಮ ಅಮಾವಾಸ್ಯೆ, ರಾಹುಕಾಲ ಎಲ್ಲ ಸೇರಿದ ಹಾಗೆ. ಅಮ್ಮ ಆಂರಿಯೆಟ್‌ಗೆ ಹೆದರಿಕೆ. ಹಾಗಾಗಿ ದಾಖಲೆಯಲ್ಲಿ 12 ಅಂತ ಬರೆಸಿದರು. ಜನ್ಮಪ್ರಮಾಣ ಪತ್ರದಲ್ಲಿ ತಾರೀಖು ಹಿಂದೆ ಮುಂದೆ ಮಾಡೋದು ನಮ್ಮೂರಲ್ಲಷ್ಟೇ ಅಂದುಕೊಂಡಿದ್ದೆ!

ಲಿಯೋಪೋಲ್ಡ್ ಬೀದಿ ನೇರ ಪಾಂ ದೆಸ್ ಆರ್ಶ್ ಅನ್ನೋ ಸೇತುವೆಗೆ ಕರೆದೊಯ್ಯುತ್ತೆ. ಸಿಮೆನಾನ್ ಹದಿಹರೆಯದಲ್ಲಿ ಬರೆದು 1921ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಹೆಸರಿನಲ್ಲೂ ಇದೇ ಸೇತುವೆ ಇದೆ. ಭಾನುವಾರವಾದ್ದರಿಂದ ದಂಡೆಯುದ್ದಕ್ಕೂ ‘ಲಾ ಬಾತ್’ ಸಂತೆ. ಕೋಳಿ, ಚೀಸ್, ಆಲಿವ್, ಮೊರಕ್ಕೊದ ಮಸಾಲೆ, ಚೀನೀ ಮೊಬೈಲ್ ಕವರ್. ಕೂಗಿ ಕೂಗಿ ಮಾರ್ತಾರೆ. ಒಂದು ಗಾಡಿಯ ಹತ್ತಿರ ಬಿಸಿ ಗೋಫ್ರ್ ತಗೊಂಡೆವು. ಲಿಯೇಜ್ ಗೋಫ್ರ್ ಅಂದರೆ ಹಿಟ್ಟಿನೊಳಗೇ ಸಕ್ಕರೆಯ ಸಣ್ಣ ಹರಳು ಸೇರಿಸಿ ಬೇಯಿಸೋ ವಾಫಲ್. ಹರಳು ಅರ್ಧ ಕರಗಿ ಹೊರಗೆ ಕಂದು ಪಾಕ ಕಟ್ಟಿರುತ್ತೆ. ಮೇಲೆ ಕ್ರೀಮು, ಚಾಕಲೇಟು ಏನೂ ಬೇಡ. ನಿಂತಲ್ಲೇ ತಿನ್ನಬೇಕು.

ಸೇತುವೆಯಾಚೆ ಊತ್ರಮ್ಯೂಸ್, ಅಂದರೆ ‘ಮ್ಯೂಸ್ ಆಚೆ’. ಸಿಮೆನಾನ್ ಬೆಳೆದದ್ದೆಲ್ಲ ಇಲ್ಲೇ. ಅಪ್ಪ ದೇಸಿರೆ ವಿಮಾ ಕಚೇರಿಯ ಗುಮಾಸ್ತ. ಸಂಬಳ ಸಾಲದೆ ಅಮ್ಮ ಮನೆಯಲ್ಲಿ ಬಾಡಿಗೆಗೆ ವಿದ್ಯಾರ್ಥಿಗಳನ್ನಿಟ್ಟುಕೊಂಡಳು. ರಷ್ಯಾ, ಪೋಲೆಂಡ್ ಅಂತ ದೂರದಿಂದ ಓದೋಕೆ ಬಂದ ಹುಡುಗ ಹುಡುಗಿಯರು. ಅವರು ತಿನ್ನೋದು, ಓದೋದು, ಮನೆಗೆ ಕಾಗದ ಬರೆಯೋದು ನೋಡ್ತಾ ಬೆಳೆದ ಹುಡುಗ ಮುಂದೆ ಬಾಡಿಗೆ ರೂಮುಗಳ ಬಗ್ಗೆ ಬರೆದಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲಿಲ್ಲ ಅಂದರೆ ಆಶ್ಚರ್ಯವಿಲ್ಲ. ಅಪ್ಪನಿಗೆ ಹೃದಯದ ಕಾಯಿಲೆ ಅಂತ ಗೊತ್ತಾದಾಗ 15ರ ಹುಡುಗ ಸ್ಕೂಲ್ ಬಿಟ್ಟ. 1919ರ ಜನವರಿಯಲ್ಲಿ, ಹದಿನಾರು ತುಂಬೋ ಮೊದಲೇ, ‘ಗಜೆಟ್ ದ ಲಿಯೇಜ್’ ಪತ್ರಿಕೆಯಲ್ಲಿ ವರದಿಗಾರ. ಪೊಲೀಸ್ ಸ್ಟೇಷನ್, ಕೋರ್ಟು, ಬೆಂಕಿ ಅನಾಹುತ ಎಲ್ಲ ಅವನ ಬೀಟು. ಜೊತೆಗೆ ‘ಮಾಸ್ಯೂ ಲ ಕಾಕ್’, ಅಂದರೆ ‘ಹುಂಜಪ್ಪ’ ಅನ್ನೋ ಹೆಸರಲ್ಲಿ ಹಾಸ್ಯದ ಅಂಕಣ.

ಈ ಹೆಸರು ನೆನಪಿಟ್ಟುಕೊಳ್ಳಿ. ಕಾದಂಬರಿಯಲ್ಲಿ ಬ್ರೆಮೆನ್‌ನ ಹೋಟೆಲ್‌ನಲ್ಲಿ ಸತ್ತವನ ಪಾಸ್‌ಪೋರ್ಟ್ ಸುಳ್ಳು. ಅವನ ನಿಜವಾದ ಹೆಸರು ಜಾನ್ ಲಕಾಕ್ ದಾರ್ನ್‌ವೀಲ್. ಲೇಖಕ ತನ್ನ ಹಳೇ ಅಂಕಣದ ಹೆಸರನ್ನೇ ಆ ನತದೃಷ್ಟನಿಗೆ ಕೊಟ್ಟಿದ್ದಾನೆ.

ಆ ಬಾಗಿಲು

ಸೇತುವೆ ಇಳಿದು ಕೆಲವೇ ನಿಮಿಷ ನಡೆದರೆ ಸೇಂಟ್ ಫೋಲಿಯನ್ ಚರ್ಚ್. ಅಷ್ಟೇನೂ ಹಳೆಯದಲ್ಲ. ಮೊದಲಿದ್ದುದನ್ನು ಕೆಡವಿ ಕಳೆದ ಶತಮಾನದ ಎರಡನೇ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಮತ್ತೆ ಕಟ್ಟಿದ್ದು. ಬೂದು ಕಲ್ಲು, ಚೂಪು ಕಮಾನು, ಮುಂದೆ ಬಸ್ಸು ಕಾರು ಓಡಾಡೋ ರಸ್ತೆ. ಟೂರಿಸ್ಟ್ ಅನ್ನೋರು ನಾವಿಬ್ಬರೇ.

“ಅಕ್ಕಾ, ಒಂದು ಬಾಗಿಲು ನೋಡೋಕೆ ಇಷ್ಟು ದೂರ ಬಂದ್ವಾ?” ಅಂದ ತಮ್ಮ. ಹೌದು, ಬಂದ್ವಿ.

1922ರ ಮಾರ್ಚ್ ತಿಂಗಳ ಆರಂಭದ ಒಂದು ಬೆಳಿಗ್ಗೆ ಇಲ್ಲಿ ಜೋಸೆಫ್ ಕ್ಲೈನ್ ಅನ್ನೋ ಯುವ ಚಿತ್ರಕಾರನ ಹೆಣ ಸಿಕ್ಕಿತು. ಬಡವ, ಕೊಕೇನ್ ಚಟಕ್ಕೆ ಬಿದ್ದಿದ್ದ. ಚರ್ಚ್ ಹಿಂದಿನ ಓಣಿಯಲ್ಲಿ ಕಲಾವಿದ ಹುಡುಗರ ಒಂದು ಅಡ್ಡಾ ಇತ್ತು. ಹೆಸರು ‘ಲಾ ಕಾಕ್’, ಮೀನು ಒತ್ತೊತ್ತಾಗಿ ತುಂಬೋ ಪೀಪಾಯಿ. ಅಷ್ಟು ಇಕ್ಕಟ್ಟಿನಲ್ಲಿ ಕೂತು ಕುಡೀತಾ, ಮಂದ ದೀಪದಲ್ಲಿ ದೇವರು, ಸಾವು, ಕಲೆ ಅಂತ ಬೆಳಗಿನ ತನಕ ವಾದ ಮಾಡ್ತಿದ್ದರು. ಆರ್ಟ್ ಸ್ಕೂಲಿನ ಹುಡುಗರ ಮಧ್ಯೆ ಪತ್ರಿಕೆಯ ವರದಿಗಾರ ಸಿಮೆನಾನ್ ಕೂಡ ಇರುತ್ತಿದ್ದ. ಮುಂದೆ ಅವನ ಹೆಂಡತಿಯಾದ ರೆಜಿನ್ ರಾಂಶೋನ್ ಪರಿಚಯವಾದದ್ದು ಇದೇ ಬಳಗದಲ್ಲಿ. ಸಾಯುವ ಹಿಂದಿನ ರಾತ್ರಿ ಕ್ಲೈನ್ ಈ ಗೆಳೆಯರ ಜೊತೆಗೇ ಇದ್ದ. ಮೈಮೇಲೆ ಎಚ್ಚರ ಇಲ್ಲದವನನ್ನು ಮನೆ ಮುಟ್ಟಿಸಿ ಹೋಗಿದ್ದರು. ಬೆಳಿಗ್ಗೆ ಇದು ಸುದ್ದಿ. ಆತ್ಮಹತ್ಯೆ ಅಂತ ತೀರ್ಮಾನವಾಯ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿಮೆನಾನ್ ಊರು ಬಿಟ್ಟು ಪ್ಯಾರಿಸ್ ರೈಲು ಹತ್ತಿದ. ಊರು ಬಿಟ್ಟರೂ ಈ ಬಾಗಿಲು ಅವನನ್ನು ಬಿಡಲಿಲ್ಲ. ಎಂಟೊಂಬತ್ತು ವರ್ಷ ಕಳೆದ ಮೇಲೆ ಕಾದಂಬರಿಯಾಗಿ ಬರೆದ. ಜೋಸೆಫ್ ಕ್ಲೈನ್ ಅಲ್ಲಿ ಎಮಿಲ್ ಕ್ಲೈನ್ ಆದ. 1938ರಲ್ಲಿ ‘ನನ್ನ ಗೆಳೆಯರ ಮೂರು ಅಪರಾಧಗಳು’ ಅನ್ನೋ ಪುಸ್ತಕದಲ್ಲಿ ಮತ್ತೆ ಅದೇ ಬಳಗಕ್ಕೆ, ಅದೇ ದಿನಗಳಿಗೆ ವಾಪಸ್ ಬಂದ. ಆ ಮನೆ ಮುಟ್ಟಿಸಿದ ರಾತ್ರಿಯನ್ನು ಅವನು ಎಷ್ಟು ಸಲ ಮನಸ್ಸಲ್ಲಿ ತಿರುವಿ ಹಾಕಿರಬೇಕು!

ನಾನು ಬಾಗಿಲ ಫೋಟೊ ತೆಗೀಲಿಲ್ಲ. ಕಾದಂಬರಿಯಲ್ಲಿ ಅದು ರಹಸ್ಯದ ಬಾಗಿಲು ನಿಜ. ಆದರೆ ಅಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಒಬ್ಬನೇ ಇದ್ದ ಅನ್ನೋದು ಅಲ್ಲಿ ನಿಂತಾಗ ಮಾತ್ರ ತಟ್ಟುತ್ತೆ. ತಮ್ಮನೂ ಸುಮ್ಮನಾದ.

ಹತ್ತು ವರ್ಷದ ಲೆಕ್ಕ

ಕಾದಂಬರಿ ಓದಬೇಕು ಅಂತ ಇರೋರು ಈ ಭಾಗ ಬಿಟ್ಟು ಮುಂದೆ ಹೋಗಿ. ಕೊನೆ ಏನಾಗುತ್ತೆ ಅಂತ ಹೇಳದೆ ನಮ್ಮ ಜಗಳ ಹೇಳೋಕಾಗಲ್ಲ.

ಕಾದಂಬರಿಯಲ್ಲಿ ಲಿಯೇಜ್‌ನ ಕೆಲವು ಯುವಕರು ‘ಅಪೋಕ್ಯಾಲಿಪ್ಸ್ ಗೆಳೆಯರು’ ಅಂತ ಗುಂಪು ಕಟ್ಟಿಕೊಂಡಿರ್ತಾರೆ. ಚರ್ಚ್ ಹತ್ತಿರದ ಮುರುಕು ಮನೆಯಲ್ಲಿ ಕುಡಿತ, ದೊಡ್ಡ ದೊಡ್ಡ ಮಾತು. ಒಬ್ಬ ಶ್ರೀಮಂತ ಹುಡುಗ ಮಾತ್ರ ಇವರನ್ನು ಗೇಲಿ ಮಾಡ್ತಾ ಕೂತಿರ್ತಾನೆ. ಕೊಲೆ ಅಂದರೆ ಹೇಗಿರುತ್ತೆ ಅಂತ ವಾದ ಮಾಡ್ತಾ ಮಾಡ್ತಾ ಒಂದು ಕ್ರಿಸ್‌ಮಸ್ ರಾತ್ರಿ ಮಾತು ಕೈಮೀರಿ ಆ ಹುಡುಗನ ಕೊಲೆಯಾಗುತ್ತೆ. ಹೆಣ ಪ್ರವಾಹದಲ್ಲಿದ್ದ ಮ್ಯೂಸ್ ನದಿ ಪಾಲು. ಅದನ್ನು ತಾಳಲಾರದೆ ಕ್ಲೈನ್ ಚರ್ಚ್ ಬಾಗಿಲಲ್ಲಿ ನೇಣಿಗೆ ಶರಣಾಗ್ತಾನೆ. ಉಳಿದವರು ಚದುರಿ ಹೋಗಿ ಬ್ಯಾಂಕು, ವ್ಯಾಪಾರ, ಕಾರ್ಯಾಗಾರ ಅಂತ ನೆಲೆ ನಿಲ್ತಾರೆ. ಮದುವೆ, ಮಕ್ಕಳು. ಆದರೆ ಅವರಲ್ಲೊಬ್ಬ, ಆ ಲಕಾಕ್, ರಕ್ತದ ಸೂಟನ್ನು ಇಟ್ಟುಕೊಂಡು ಅವರಿಂದ ವರ್ಷಗಟ್ಟಲೆ ಹಣ ಕೀಳ್ತಾನೆ. ಅಷ್ಟೂ ಹಣವನ್ನು ಸುಟ್ಟು ಹಾಕ್ತಾನೆ. ತಾನು ಸುಖವಾಗಿರಬೇಕು ಅಂತಲ್ಲ. ಅವರು ನೆಮ್ಮದಿಯಾಗಿರಬಾರದು ಅಂತ.

ಕಾನೂನಿನ ಪ್ರಕಾರ ಆ ಕೊಲೆಗೆ ಹತ್ತು ವರ್ಷದ ಕಾಲಮಿತಿ. ಮೆಗ್ರೆಗೆ ಎಲ್ಲ ಗೊತ್ತಾಗೋ ಹೊತ್ತಿಗೆ ಉಳಿದಿರೋದು ಒಂದು ತಿಂಗಳು. ಅವನು ಆ ಮನೆಗಳಲ್ಲಿರೋ ಮಕ್ಕಳನ್ನು ಲೆಕ್ಕ ಹಾಕ್ತಾನೆ. ಸುಮ್ಮನೆ ಪ್ಯಾರಿಸ್‌ಗೆ ವಾಪಸ್ ಹೋಗ್ತಾನೆ.

ಊತ್ರಮ್ಯೂಸ್‌ನ ಕೆಫೆಯಲ್ಲಿ ಕೂತಾಗ ತಮ್ಮ ಶುರು ಮಾಡಿದ.

“ನಮ್ಮಲ್ಲಿ ಕೊಲೆಗೆ ಕಾಲಮಿತಿ ಅನ್ನೋದೇ ಇಲ್ಲ ಅಕ್ಕಾ. ಮೂರು ವರ್ಷದವರೆಗೆ ಶಿಕ್ಷೆ ಇರೋ ಸಣ್ಣ ಅಪರಾಧಗಳಿಗೆ ಮಾತ್ರ. ಹಳೇ ಸಿಆರ್‌ಪಿಸಿಯಲ್ಲೂ ಹಾಗೇ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ. ಇಪ್ಪತ್ತು ವರ್ಷ ಬಿಟ್ಟು ಸಿಕ್ಕಿದ್ರೂ ಕೇಸ್ ಕೇಸೇ. ಈ ಮೆಗ್ರೆ ಯಾರು ಬಿಡೋಕೆ?”

“ಮಕ್ಕಳು ಏನು ಮಾಡಿದ್ವೋ?” ಅಂದೆ.

“ಸತ್ತ ಹುಡುಗನೂ ಒಬ್ಬರ ಮಗನೇ ಅಲ್ವಾ? ಅವನ ಮನೆಯವರು ಹತ್ತು ವರ್ಷ ಬಾಗಿಲು ನೋಡ್ಕೊಂಡು ಕೂತಿರಲ್ವಾ? ಕಾದಂಬರಿಯಲ್ಲಿ ಆ ಕಡೆ ಯಾರೂ ತಿರುಗಿ ನೋಡಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ಸರಿ ಇತ್ತು. ಆದರೂ ಒಂದು ಮಾತು ಹೇಳಿದೆ. ಗಡಿಯ ಸ್ಟೇಷನ್‌ನಲ್ಲಿ ಒಂದು ಸೂಟ್‌ಕೇಸ್ ಬದಲಾಯಿಸಿ ಮೆಗ್ರೆಯೂ ಒಂದು ಜೀವ ಹೋಗೋಕೆ ಕಾರಣನಾಗಿದ್ದಾನೆ. ಅವನನ್ನು ಯಾವ ಕಾನೂನೂ ಹಿಡಿಯಲ್ಲ. ಅಂಥವನು ಇನ್ನೊಬ್ಬರ ಮುಂದೆ ಕಲ್ಲು ಮನಸ್ಸು ಮಾಡಿ ನಿಲ್ಲೋದು ಹೇಗೆ? ಬಿಟ್ಟಿದ್ದು ಕರುಣೆಯಿಂದ ಮಾತ್ರ ಅಲ್ಲ ಅನ್ಸುತ್ತೆ.

“ಹಾಗಾದ್ರೆ ಅವನು ಈ ಕೇಸನ್ನೇ ಬೇರೆಯವರಿಗೆ ಕೊಡಬೇಕಿತ್ತು” ಅಂದ ವಕೀಲ. ಬಿಲ್ ಬಂತು. ಜಗಳ ಅಲ್ಲಿಗೇ ನಿಂತಿದೆ. ಮೊನ್ನೆ ವಾಟ್ಸಾಪ್‌ನಲ್ಲಿ ಮತ್ತೆ ಕೆದಕಿದ್ದಾನೆ.

ಊರಿನ ಇನ್ನೊಂದು ಬಾಕಿ

ಸಿಮೆನಾನ್‌ನನ್ನು ಹೊಗಳಿ ಮುಗಿಸೋಕೆ ಮನಸ್ಸಾಗಲ್ಲ. 1921ರಲ್ಲಿ, 18ರ ವಯಸ್ಸಿನಲ್ಲಿ, ಇದೇ ಗಜೆಟ್ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ 17 ಲೇಖನಗಳ ಒಂದು ಸರಣಿ ಅವನ ಹೆಸರಲ್ಲಿ ಬಂತು. ಆಮೇಲೆ, ಅದು ಪತ್ರಿಕೆಯವರು ಹೇಳಿ ಬರೆಸಿದ್ದು ಅಂದ. ಬರೆದ ಕೈ ಮಾತ್ರ ಅವನದ್ದೇ. ಅವನ ತಮ್ಮ ಕ್ರಿಸ್ಟಿಯಾನ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಪರ ನಿಂತ ಬೆಲ್ಜಿಯನ್ನರ ಗುಂಪು ಸೇರಿದ. ಯುದ್ಧ ಮುಗಿದ ಮೇಲೆ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಫ್ರೆಂಚ್ ಫಾರಿನ್ ಲೀಜನ್‌ಗೆ ಸೇರಿ, 1947ರಲ್ಲಿ ಇಂಡೋಚೀನಾದಲ್ಲಿ ಸತ್ತ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಕಾಲ ಕಳೆದರೆ ಬಾಕಿ ಮುಗಿಯುತ್ತಾ ಅನ್ನೋ ಪ್ರಶ್ನೆ ಕಾದಂಬರಿಯೊಳಗೆ ಮಾತ್ರ ಇಲ್ಲ. ಕಂಚಿನ ಬೆಂಚಿನ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುವಾಗ ಅದೂ ಪಕ್ಕದಲ್ಲಿ ಕೂತಿರುತ್ತೆ. ನಾವು ಸೆಲ್ಫಿ ತೆಗೆದುಕೊಂಡೆವು. ಅದರ ಬಗ್ಗೆ ಮಾತೂ ಆಡಿದೆವು.

ನೀವು ಹೋಗೋದಾದರೆ

ಬ್ರಸೆಲ್ಸ್‌ಗೆ ಆಫೀಸ್ ಕೆಲಸಕ್ಕೆ ಬರೋ ನಮ್ಮವರು ವಾರಾಂತ್ಯ ಸಿಕ್ಕಿದರೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಅಂತ ಓಡ್ತಾರೆ. ಒಂದು ದಿನ ಲಿಯೇಜ್‌ಗೆ ಕೊಡಿ. ಭಾನುವಾರ ಬೆಳಿಗ್ಗೆಯೇ ಹೋದರೆ ಸಂತೆಯೂ ಸಿಗುತ್ತೆ, ಮಧ್ಯಾಹ್ನ ದಾಟಿದರೆ ಗಾಡಿಗಳು ಎತ್ತಿರ್ತಾರೆ. ಸೇಂಟ್ ಲ್ಯಾಂಬರ್ಟ್ ಚೌಕ, ಓರ್ ಶಾತೋ, ಮೆಟ್ಟಿಲು, ಮೆಗ್ರೆ ಚೌಕ, ಲಿಯೋಪೋಲ್ಡ್ ಬೀದಿ, ಸೇತುವೆ, ಚರ್ಚ್. ಎಲ್ಲ ನಡೆದೇ ನೋಡಬಹುದು. ಮೆಟ್ಟಿಲು ಹತ್ತೋರು ಒಳ್ಳೆ ಶೂ ಹಾಕ್ಕೊಳ್ಳಿ, ಮಳೆ ಬಿದ್ದರೆ ಜಾರುತ್ತೆ.

ರಾತ್ರಿ ಉಳಿಯೋರಿಗೆ ಊತ್ರಮ್ಯೂಸ್‌ನಲ್ಲಿ ಸಿಮೆನಾನ್ ಹೆಸರಿನ ಬೀದಿಯಲ್ಲೇ, ಅವನ ಹೆಸರಿನದ್ದೇ ಯೂತ್ ಹಾಸ್ಟೆಲ್ ಇದೆ. ಆಗಸ್ಟ್ 15ಕ್ಕೆ ಹೋದರೆ ಬಡಾವಣೆಯ ದೊಡ್ಡ ಹಬ್ಬ. ಊರಿನ ಮುದ್ದಿನ ಬೊಂಬೆ ಚಾಂಚೆಸ್ ಬೀದಿಗಿಳೀತಾನೆ. ಮಾಂಸ ತಿನ್ನೋರು ‘ಬೂಲೆ’ ಅನ್ನೋ, ಹುಳಿ ಸಿಹಿ ಸಾಸ್‌ನಲ್ಲಿ ಬೆಂದ ದೊಡ್ಡ ಮಾಂಸದುಂಡೆ ಕೇಳಿ. ಸಸ್ಯಾಹಾರಿಗಳಿಗೆ ಗೋಫ್ರ್ ಇದ್ದೇ ಇದೆ.

ಪುಸ್ತಕ ಮಾತ್ರ ಮೊದಲೇ ಓದಿಕೊಂಡು ಹೋಗಿ. ಪೆಂಗ್ವಿನ್‌ನವರು 75 ಮೆಗ್ರೆ ಕಾದಂಬರಿಗಳನ್ನೂ ಇಂಗ್ಲಿಷ್‌ಗೆ ಹೊಸದಾಗಿ ಅನುವಾದ ಮಾಡಿಸಿದ್ದಾರೆ. ಇದನ್ನು ಅನುವಾದಿಸಿದವರು ಲಿಂಡಾ ಕವರ್‌ಡೇಲ್, ಹೆಸರು ‘ದಿ ಹ್ಯಾಂಗ್ಡ್ ಮ್ಯಾನ್ ಆಫ್ ಸೇಂಟ್ ಫೋಲಿಯನ್’. ಸಣ್ಣ ಪುಸ್ತಕ, ವಿಮಾನದಲ್ಲಿ ಒಂದೇ ಪಟ್ಟಿಗೆ ಮುಗಿಯುತ್ತೆ. ಓದಿ ಮುಗಿಸಿದ ಮೇಲೆ ಹೇಳಿ: ಮೆಗ್ರೆ ಬಿಟ್ಟಿದ್ದು ಸರಿಯಾ? ನಮ್ಮ ಮನೆಯಲ್ಲಿ ಸದ್ಯಕ್ಕೆ ಒಂದೊಂದು ಓಟು ಬಿದ್ದಿದೆ. ಅಮ್ಮನ್ನ ಕೇಳಿದ್ದಕ್ಕೆ, “ಮೊದಲು ಆ ಸತ್ತ ಹುಡುಗನ ತಾಯಿನ್ನ ಕೇಳ್ರೋ” ಅಂದು ಫೋನಿಟ್ಟರು.